ಇಲಿಯ ತೂಕ ಇಳಿಯಿತು ಸರಿ, ಇಳಿದದ್ದು ಕೊಬ್ಬೋ ಮಾಂಸಖಂಡವೋ?

ಅಗಸೆಹಿಂಡಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜಿಡ್ಡಿನ ಆಹಾರ ತಿನ್ನಿಸಿ ದಪ್ಪ ಮಾಡಿದ ಇಲಿಗಳಿಗೆ ಅಗಸೆಯ ಪುಡಿ ಕೊಟ್ಟು ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಮೂರು ಗುಂಪುಗಳಿವೆ: ಸಾದಾ ಆಹಾರ, ಜಿಡ್ಡಿನ ಆಹಾರ, ಜಿಡ್ಡಿನ ಆಹಾರದಲ್ಲಿ ಕಲಸಿದ ಅಗಸೆ. ಗುಂಪಿಗೆ ಎಂಟು ಗಂಡು ಇಲಿಗಳು. ಹತ್ತು ವಾರ ಮುಗಿದಿವೆ. ಬರೀ ಜಿಡ್ಡು ತಿಂದವುಗಳ ಸರಾಸರಿ ತೂಕ 42 ಗ್ರಾಂ, ಅಗಸೆ ತಿಂದವುಗಳದು 36.

ಖುಷಿಯಲ್ಲಿ ಲೈನ್ ಬಜಾರಿಗೆ ಹೋಗಿ ಪೇಢಾ ತಂದು ವಿಭಾಗಕ್ಕೆಲ್ಲ ಹಂಚಿದೆ. ಮರುದಿನ ಪರಿಶೀಲನಾ ಸಭೆಗೆ ಬಂದಿದ್ದ ಹೊರಗಿನ ತಜ್ಞರು ಒಂದೇ ಪ್ರಶ್ನೆ ಕೇಳಿದರು: "ಆರು ಗ್ರಾಂ ಕಡಿಮೆ ಇದೆಯಲ್ಲ, ಆ ಆರು ಗ್ರಾಂ ಏನಮ್ಮ? ಕೊಬ್ಬೋ, ಮಾಂಸಖಂಡವೋ, ನೀರೋ?" ನನ್ನ ಬಳಿ ಉತ್ತರ ಇರಲಿಲ್ಲ. ಕೊನೆಯಲ್ಲಿ ಹೊಟ್ಟೆಯ ಕೊಬ್ಬು ತೆಗೆದು ತೂಗಿದರೆ ಸಾಕು ಎನ್ನುತ್ತಾರೆ ನಮ್ಮ ಗೈಡ್. ಪ್ರಯೋಗ ಮುಗಿಯಲು ಇನ್ನು ಮೂರು ವಾರ. ಯಂತ್ರ ಇಲ್ಲ, ಹಣವೂ ಇಲ್ಲ. ಏನು ಮಾಡಲಿ?

ಟೋಲ್‌ನಾಕಾ

ಪೇಢಾ ಮೊದಲೇ ಹಂಚಿದ್ದು ತಪ್ಪು. ಉಳಿದದ್ದು ಆಮೇಲೆ ನೋಡೋಣ.

ಗದಗ_ಮೇಷ್ಟ್ರು

ಮೊದಲು ಒಂದು ಸ್ಪಷ್ಟನೆ. ಕನ್ನಡದಲ್ಲಿ ಇಲಿ ಎಂದರೆ ಮೌಸ್ ಕೂಡ, ರ‍್ಯಾಟ್ ಕೂಡ. 42 ಗ್ರಾಂ ಎಂದಿದ್ದೀರಿ, ಆದ್ದರಿಂದ ಮೌಸ್ ಎಂದು ಹಿಡಿಯುತ್ತೇನೆ. ಇದು ಬರೀ ಶಬ್ದದ ತಕರಾರಲ್ಲ. "ಲೀ ಸೂಚ್ಯಂಕ ಹಾಕಿಬಿಡಿ" ಎಂದು ಯಾರಾದರೂ ಖಂಡಿತ ಹೇಳುತ್ತಾರೆ. ತೂಕದ ಘನಮೂಲವನ್ನು ಮೂಗಿನಿಂದ ಗುದದವರೆಗಿನ ಉದ್ದದಿಂದ ಭಾಗಿಸುವ ಲೆಕ್ಕ ಅದು, ದೊಡ್ಡ ಇಲಿಗಾಗಿ ಹುಟ್ಟಿದ್ದು. ಸಣ್ಣ ಇಲಿಯ ಉದ್ದ ಅಳೆಯುವಾಗ ಎರಡು ಮಿಲಿಮೀಟರ್ ಅತ್ತಿತ್ತ ಆದರೆ ಲೆಕ್ಕವೇ ತಲೆಕೆಳಗು. ಅದನ್ನು ನಂಬಬೇಡಿ.

ಅಗಸೆಹಿಂಡಿ

ಹೌದು ಸರ್, ಮೌಸ್. ಸಿ57 ಬ್ಲ್ಯಾಕ್ 6 ತಳಿ. ಲೀ ಸೂಚ್ಯಂಕ ಹಾಕೋಣ ಎಂದು ನಿನ್ನೆಯೇ ಒಬ್ಬರು ಹೇಳಿಯಾಯಿತು!

ಸಪ್ತಾಪುರದವನು

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿ ಊರಿಗೆ ಬಂದಿದ್ದೇನೆ. ಜೀವಂತ ಇಲಿಯ ಕೊಬ್ಬು ಅಳೆಯಲು ಎನ್‌ಎಂಆರ್ ಯಂತ್ರದಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಚಿತ್ರ ತೆಗೆಯುವ ಎಂಆರ್‌ಐ ಬೇರೆ, ಇದು ಬೇರೆ. ಇದು ಚಿತ್ರ ಕೊಡುವುದಿಲ್ಲ, ಅಂಕಿ ಮಾತ್ರ ಕೊಡುತ್ತದೆ. ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ಪರಮಾಣುಗಳನ್ನು ರೇಡಿಯೋ ತರಂಗದಿಂದ ಒಮ್ಮೆ ಕೆಣಕಿ ಬಿಟ್ಟರೆ ಕೊಬ್ಬಿನಲ್ಲಿರುವವು ಒಂದು ವೇಗದಲ್ಲಿ, ಸ್ನಾಯುವಿನ ನೀರಿನಲ್ಲಿರುವವು ಇನ್ನೊಂದು ವೇಗದಲ್ಲಿ, ಮೂತ್ರಕೋಶದ ನೀರಿನಲ್ಲಿರುವವು ಮತ್ತೊಂದು ವೇಗದಲ್ಲಿ ಮೊದಲಿನ ಸ್ಥಿತಿಗೆ ಮರಳುತ್ತವೆ. ಆ ವ್ಯತ್ಯಾಸದಿಂದಲೇ ಕೊಬ್ಬು ಇಷ್ಟು, ಕೊಬ್ಬಲ್ಲದ ಮೃದು ಅಂಗಾಂಶ ಇಷ್ಟು, ಸ್ವತಂತ್ರ ನೀರು ಇಷ್ಟು ಎಂದು ಲೆಕ್ಕ ಸಿಗುತ್ತದೆ. ಅರಿವಳಿಕೆ ಬೇಡ. ಬಾಲ ಹಿಡಿದು ಎತ್ತಿ ಪ್ಲಾಸ್ಟಿಕ್ ಕೊಳವೆಯ ಬಾಯಿಗೆ ತಂದರೆ ಬಿಲ ಸಿಕ್ಕಿತೆಂದು ಇಲಿ ತಾನೇ ಒಳಗೆ ನುಗ್ಗುತ್ತದೆ. ಹಿಂದಿನಿಂದ ಬಿರಡೆಯನ್ನು ಮೆಲ್ಲಗೆ ತಳ್ಳಿ ಹೊರಳದಂತೆ ನಿಲ್ಲಿಸಬೇಕು. ಎರಡು ಮೂರು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದ ಇಲಿ ಮೀಸೆ ಒರೆಸಿಕೊಂಡು ತನ್ನ ಪಂಜರಕ್ಕೆ ಹೋಗುತ್ತದೆ, ನೀವು ಕೊಳವೆಯಲ್ಲಿ ಉಳಿದ ಹಿಕ್ಕೆ ಮತ್ತು ಮೂತ್ರ ಒರೆಸುತ್ತ ಕೂರಬೇಕು.

ಒಂದು ಎಚ್ಚರ: ಕೊಬ್ಬು ಮತ್ತು ಲೀನ್ (ಕೊಬ್ಬಲ್ಲದ ಮೃದು ಅಂಗಾಂಶ) ಎರಡನ್ನೂ ಕೂಡಿಸಿದರೆ ತಕ್ಕಡಿಯ ತೂಕ ಬರುವುದಿಲ್ಲ. ಮೂಳೆಯ ಖನಿಜ, ಕೂದಲು, ಉಗುರು, ಹೊಟ್ಟೆಯೊಳಗಿನ ಒಣ ಮೇವು ಇವು ಆ ಲೆಕ್ಕದಲ್ಲಿ ಸೇರುವುದಿಲ್ಲ. ನಮ್ಮಲ್ಲಿ ಹೊಸದಾಗಿ ಬಂದ ಹುಡುಗನೊಬ್ಬ ಯಂತ್ರ ಕೆಟ್ಟಿದೆ ಎಂದು ಕಂಪನಿಗೆ ಎರಡು ಸಲ ಫೋನ್ ಮಾಡಿದ್ದ.

ಮೂಷಿಕಪಕ್ಷ

ಬಾಲ ಹಿಡಿದು ಎತ್ತುವುದು ಈಗ ಹಳೆಯ ಪದ್ಧತಿ. ಕೊಳವೆಯಲ್ಲೇ ಕೂರಿಸಿ ಅಥವಾ ಬೊಗಸೆಯಲ್ಲಿ ಎತ್ತಿದರೆ ಇಲಿಗಳ ಭಯ ಬಹಳ ಕಡಿಮೆ ಎಂದು 2010ರಲ್ಲೇ ಇಂಗ್ಲೆಂಡಿನವರು ತೋರಿಸಿದ್ದಾರೆ. ಹೇಗಿದ್ದರೂ ಕೊಳವೆಗೆ ಹೋಗಬೇಕಾದ ಪ್ರಾಣಿ, ಪಂಜರದಿಂದಲೇ ಕೊಳವೆಯಲ್ಲಿ ತನ್ನಿ.

ಸಪ್ತಾಪುರದವನು

ಒಪ್ಪಿದೆ. ನಾನು ಕಲಿತ ಕಾಲದ ಕೈಚಳಕ ಬರೆದೆ.

ಉಣಕಲ್_ಕೆರೆ

ಇಷ್ಟೆಲ್ಲ ಯಾಕೆ? ನಮ್ಮ ಜಿಮ್ಮಿನಲ್ಲಿ ಬರಿಗಾಲಲ್ಲಿ ನಿಂತರೆ ಕೊಬ್ಬಿನ ಶೇಕಡಾವಾರು ಹೇಳುವ ತಕ್ಕಡಿ ಇದೆ. ಇಲಿಗೂ ಅಂಥದ್ದು ಸಿಗುವುದಿಲ್ಲವೇ?

ಸ್ಕ್ಯಾನ್‌ಕೋಣೆ (ಹುಬ್ಬಳ್ಳಿ)

ಆ ತಕ್ಕಡಿ ನಿಮ್ಮ ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ತಡೆ ಅಳೆಯುತ್ತದೆ, ಅಷ್ಟೇ. ನೀರು ತುಂಬಿದ ಮಾಂಸಖಂಡದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಮಿಕ್ಕದ್ದನ್ನು ನಿಮ್ಮ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದರ ಮೇಲೆ ಸೂತ್ರ ಹಾಕಿ ಊಹಿಸುತ್ತದೆ. ಇಂದು ಒಣಗಾಲಲ್ಲಿ ನಿಂತು ನೋಡಿ, ನಾಳೆ ಸ್ನಾನ ಮಾಡಿದ ಹಸಿಗಾಲಲ್ಲಿ ನಿಂತು ನೋಡಿ. ಒಂದು ರಾತ್ರಿಯಲ್ಲಿ ತೆಳ್ಳಗಾಗಿರುತ್ತೀರಿ! ಇಲಿಗೂ ಈ ವಿಧಾನ ಉಂಟು, ಆದರೆ ಅರಿವಳಿಕೆ ಕೊಟ್ಟು ಸೂಜಿ ವಿದ್ಯುದ್ವಾರ ಚುಚ್ಚಬೇಕು.

ಇನ್ನು ಡೆಕ್ಸಾ ಎಂದು ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಾನು ಡೆಕ್ಸಾ ಯಂತ್ರ ನಡೆಸುವವನು. ಎರಡು ಶಕ್ತಿಯ ಎಕ್ಸ್‌ರೇ ಹಾಯಿಸಿ, ಯಾವುದು ಎಷ್ಟು ಕುಂದಿತು ಎಂಬುದರಿಂದ ಮೂಳೆ, ಕೊಬ್ಬು, ಮಿಕ್ಕ ಮೃದು ಅಂಗಾಂಶ ಬೇರ್ಪಡಿಸುತ್ತೇವೆ. ಮನುಷ್ಯನ ಸೊಂಟಕ್ಕೆ ಮಾಡಿದ ಯಂತ್ರದಲ್ಲಿ ನಿಮ್ಮ 36 ಗ್ರಾಂ ಪ್ರಾಣಿ ನಾಲ್ಕಾರು ಚುಕ್ಕೆಯಾಗಿ ಕಾಣುತ್ತದೆ. ಇಲಿಗೆಂದೇ ಮಾಡಿದ ಸಣ್ಣ ಡೆಕ್ಸಾ ಇದೆ, ಅದು ಬೇರೆ. ಮೂಳೆಗೆ ಅದು ಬಹಳ ಚೆನ್ನ. ಆದರೆ ಮೂಳೆ ಅಡ್ಡ ಬಂದ ಜಾಗದ ಕೊಬ್ಬನ್ನು ಅದು ಅಳೆಯುವುದಿಲ್ಲ, ಅಕ್ಕಪಕ್ಕ ನೋಡಿ ಅಂದಾಜು ಕಟ್ಟುತ್ತದೆ. ಇಲಿ ಅಲುಗಾಡಬಾರದು, ಅಂದರೆ ಅರಿವಳಿಕೆ ಬೇಕೇ ಬೇಕು.

ಮತ್ತೆ ಒಂದು ಮಾತು. ಇಲಿ ಹಿಡಿದುಕೊಂಡು ನಮ್ಮ ಸ್ಕ್ಯಾನಿಂಗ್ ಕೇಂದ್ರಕ್ಕೆ ದಯವಿಟ್ಟು ಬರಬೇಡಿ. ಒಬ್ಬರು ಬಂದಿದ್ದರು. ಶೂ ಡಬ್ಬಿಯಲ್ಲಿ.

ಟೋಲ್‌ನಾಕಾ

ಚಿಗರಿ ಬಸ್ಸಿನಲ್ಲಿ ಇಲಿ ತಂದಿದ್ದರೇ? ಟಿಕೆಟ್ ಪೂರ್ತಿಯೋ ಅರ್ಧವೋ?

ಮೂಷಿಕಪಕ್ಷ

ನಗುವ ವಿಷಯ ಅಲ್ಲ ಸ್ವಾಮಿ. ಪ್ರಯೋಗದ ಪ್ರಾಣಿಯನ್ನು ಹಾಗೆ ಹೊರಗೆ ಒಯ್ಯುವಂತಿಲ್ಲ. ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಯಾವುದಕ್ಕೆ ಒಪ್ಪಿಗೆ ಕೊಟ್ಟಿದೆಯೋ ಅದನ್ನಷ್ಟೇ ಮಾಡಬೇಕು. ಮಧ್ಯದಲ್ಲಿ ಅರಿವಳಿಕೆ, ಸ್ಕ್ಯಾನ್ ಎಂದು ಸೇರಿಸಿದರೆ ಮತ್ತೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆ, ಪ್ರಾಣಿ ಪ್ರಯೋಗದ 1998ರ ನಿಯಮ ಎರಡೂ ಜಾರಿಯಲ್ಲಿವೆ. ಇಷ್ಟಕ್ಕೂ ನನಗೆ ಈ ಪ್ರಯೋಗಗಳೇ ಇಷ್ಟವಿಲ್ಲ. ಅಗಸೆ ನಾವು ತಲೆಮಾರುಗಳಿಂದ ತಿನ್ನುತ್ತಿದ್ದೇವೆ, ಅದಕ್ಕೆ ಇಲಿಯ ಸಾಕ್ಷಿ ಬೇಕೇ?

ವಿದ್ಯಾನಗರ_ವೈದ್ಯೆ

ತಲೆಮಾರುಗಳಿಂದ ತಿನ್ನುತ್ತಿದ್ದೇವೆ, ತಲೆಮಾರುಗಳಿಂದ ಸಕ್ಕರೆ ಕಾಯಿಲೆಯೂ ಬರುತ್ತಿದೆ. ತಿನ್ನುವುದೇ ಪುರಾವೆಯಾಗುವುದಿಲ್ಲ.

ತಜ್ಞರ ಪ್ರಶ್ನೆ ಎಷ್ಟು ಮುಖ್ಯ ಎನ್ನುವುದಕ್ಕೆ ಮನುಷ್ಯರದೇ ಉದಾಹರಣೆ ಕೊಡುತ್ತೇನೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) ಕೂಡ 22.3. ಡೆಕ್ಸಾದಲ್ಲಿ ನೋಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತಕ್ಕಡಿ ಇಬ್ಬರನ್ನೂ ಒಂದೇ ಎನ್ನುತ್ತದೆ. ನನ್ನ ಓಪಿಡಿಯಲ್ಲಿ "ನಾನು ತೆಳ್ಳಗಿದ್ದೇನಲ್ಲ ಡಾಕ್ಟರೇ" ಎನ್ನುವ ಮಧುಮೇಹಿಗಳನ್ನು ದಿನಾ ನೋಡುತ್ತೇನೆ. ತಂಗಿ, ನಿನ್ನ ಇಲಿಗಳ 42 ಮತ್ತು 36 ಕೂಡ ಅಷ್ಟೇ ಅಪೂರ್ಣ.

ಡೇರಿಕಾಕಾ (ಕಲಘಟಗಿ ಕಡೆ)

ನನಗೆ ಇಲಿಯ ವಿಷಯ ತಿಳಿಯದು. ಹಳ್ಳಿಯ ಹಾಲಿನ ಸಂಘದಲ್ಲಿ ಇಪ್ಪತ್ತೆರಡು ವರ್ಷ ಹಾಲು ಪರೀಕ್ಷೆ ಮಾಡಿದ್ದೇನೆ. ಓದುತ್ತ ಹೋದಂತೆ ಇದು ನಮ್ಮದೇ ಜಗಳ ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಸಂಘದಲ್ಲಿ ಲ್ಯಾಕ್ಟೋಮೀಟರ್ ಒಂದೇ ಇತ್ತು. ಹಾಲಿಗೆ ನೀರು ಬೆರೆಸಿದರೆ ಅದು ಮುಳುಗುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. ಕೆನೆ ತೆಗೆದರೆ ರೀಡಿಂಗ್ ಏರುತ್ತದೆ, ಏಕೆಂದರೆ ಕೊಬ್ಬು ಹಗುರ. ಇದು ತಿಳಿದ ಜಾಣರು ಕೆನೆ ತೆಗೆದು ಅಷ್ಟಕ್ಕೆ ನೀರು ಸುರಿದು ತರುತ್ತಿದ್ದರು. ಲ್ಯಾಕ್ಟೋಮೀಟರ್ "ಹಾಲು ಚೊಕ್ಕ" ಎನ್ನುತ್ತಿತ್ತು! ನಮ್ಮ ಊರಿನ ಒಬ್ಬ ಯಜಮಾನರು ಹೀಗೆ ಎರಡು ವರ್ಷ ನಡೆಸಿದರು, ಬೆಣ್ಣೆ ಹುಬ್ಬಳ್ಳಿಗೆ ಹೋಗುತ್ತಿತ್ತು, ನೀರು ಸಂಘಕ್ಕೆ ಬರುತ್ತಿತ್ತು. ಗರ್ಬರ್ ಪರೀಕ್ಷೆ ಬಂದ ದಿನ ಸಿಕ್ಕಿಬಿದ್ದರು. 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೊಹಾಲ್, ತಿರುಗಿಸಿದರೆ ಕೊಬ್ಬು ಕೊಳವೆಯ ಕತ್ತಿನಲ್ಲಿ ನಿಲ್ಲುತ್ತದೆ, ಕಣ್ಣಿಗೇ ಕಾಣುತ್ತದೆ. ಆಮೇಲೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಎರಡನ್ನೂ ನೋಡಿಯೇ ದರ ಕಟ್ಟತೊಡಗಿದೆವು. ಎಸ್‌ಎನ್‌ಎಫ್ ಎಂದರೆ ಕೊಬ್ಬು ಬಿಟ್ಟ ಘನಾಂಶ. ನೀಲಿ ಪಾಕೀಟಿನ ಟೋನ್ಡ್ ಹಾಲಿನಲ್ಲಿ ಫ್ಯಾಟ್ 3.0, ಎಸ್‌ಎನ್‌ಎಫ್ 8.5.

ಮಗಳೇ, ನಿನ್ನ ತಕ್ಕಡಿ ಬರೀ ಲ್ಯಾಕ್ಟೋಮೀಟರ್. ಇಲಿಯ ಫ್ಯಾಟ್ ಬೇರೆ, ಎಸ್‌ಎನ್‌ಎಫ್ ಬೇರೆ ತೆಗೆಯಬೇಕು. ಸಾಕ್ಸ್‌ಲೆಟ್ ಕೊಳವೆ ನಿಮ್ಮ ಕಾಲೇಜಿನಲ್ಲಿ ಇಲ್ಲವೇ?

ಸಪ್ತಾಪುರದವನು

ಕಾಕಾ, ಪೂರ್ತಿ ಅಂಕ ನಿಮಗೆ. ಆದರೆ ಸಾಕ್ಸ್‌ಲೆಟ್ ಗಿಡಮೂಲಿಕೆಯ ಸಾರ ತೆಗೆಯುವ ಉಪಕರಣ. ಫಾರ್ಮಸಿಯವರು ಅದಕ್ಕೇ ಇಟ್ಟುಕೊಂಡಿರುತ್ತಾರೆ.

ಡೇರಿಕಾಕಾ

ತಮ್ಮಾ, ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್ ಅದನ್ನು 1879ರಲ್ಲಿ ಮಾಡಿದ್ದೇ ಹಾಲಿನ ಕೊಬ್ಬು ತೆಗೆಯಲು. ಗಿಡಮೂಲಿಕೆಯವರು ನಮ್ಮಿಂದ ಕಡ ತೆಗೆದುಕೊಂಡವರು. ಇನ್ನೂ ವಾಪಸು ಕೊಟ್ಟಿಲ್ಲ.

ಸಪ್ತಾಪುರದವನು

ಸೋತೆ.

ಅಗಸೆಹಿಂಡಿ

ಕಾಕಾ, ನಮ್ಮಲ್ಲಿ ಸಾಕ್ಸ್‌ಲೆಟ್ ಆರು ಇವೆ! ಓವನ್ ಇದೆ, ಮಫಲ್ ಕುಲುಮೆಯೂ ಇದೆ. ಆದರೆ ಇಡೀ ಇಲಿಯನ್ನೇ?

ಸಪ್ತಾಪುರದವನು

ಇಡೀ ಇಲಿಯನ್ನೇ. ಎನ್‌ಎಂಆರ್, ಡೆಕ್ಸಾ ಎಲ್ಲವನ್ನೂ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವುದು ಈ ಹಳೆಯ ವಿಧಾನದ ಮೇಲೆಯೇ. ಪ್ರಯೋಗದ ಕೊನೆಗೆ, ನಿಮ್ಮ ಒಪ್ಪಿಗೆಯಲ್ಲಿರುವ ರೀತಿಯಲ್ಲೇ ಕೊನೆಗಾಣಿಸಿದ ಇಲಿಯ ಜಠರ ಮತ್ತು ಕರುಳಿನೊಳಗಿನ ಮೇವು, ಹಿಕ್ಕೆ ತೆಗೆದು ತೂಗಬೇಕು. ಹೊಟ್ಟೆ ಸೀಳಿಯೇ ಓವನ್ನಿನಲ್ಲಿಡಬೇಕು, ಇಲ್ಲದಿದ್ದರೆ ಒಳಗಿನದು ಒಣಗುವುದಿಲ್ಲ. 60–70 ಡಿಗ್ರಿ ಸಾಕು. ದಿನಾ ತೂಗಿ, ಎರಡು ದಿನ ತೂಕ ಬದಲಾಗದಿದ್ದರೆ ನೀರೆಲ್ಲ ಹೋಯಿತು ಎಂದರ್ಥ. ಆಮೇಲೆ ಪುಡಿ ಮಾಡಿ ಪೆಟ್ರೋಲಿಯಂ ಈಥರಿನಲ್ಲಿ ಸಾಕ್ಸ್‌ಲೆಟ್. ಕಳೆದುಹೋದದ್ದು ಕೊಬ್ಬು. ಉಳಿದದ್ದನ್ನು ಕುಲುಮೆಯಲ್ಲಿ ಸುಟ್ಟರೆ ಬೂದಿ, ಅಂದರೆ ಖನಿಜ. ಬೂದಿಯಾಗದೆ ಸುಟ್ಟುಹೋದ ಮಿಕ್ಕದ್ದು ಹೆಚ್ಚೂಕಡಿಮೆ ಪ್ರೋಟೀನು.

ಪುಡಿ ಮಾಡುವ ಮಿಕ್ಸರ್ ಯಾವ ಕಾರಣಕ್ಕೂ ಮನೆಯದಾಗಿರಬಾರದು. ಅನುಭವದಿಂದ ಹೇಳುತ್ತಿಲ್ಲ.

ಗದಗ_ಮೇಷ್ಟ್ರು

ಈಥರ್ ಬಳಸುವ ಮೊದಲೇ ಒಂದು ಅಂದಾಜು ಸಿಗುತ್ತದೆ. ಕೊಬ್ಬು ಬಿಟ್ಟ ದೇಹದಲ್ಲಿ ನೀರಿನ ಪಾಲು ಸುಮಾರು ಶೇ. 73, ಇಲಿಯಿಂದ ಮನುಷ್ಯನವರೆಗೆ ಬಹುತೇಕ ಇದೇ. ಶೇಖರವಾದ ಕೊಬ್ಬಿನಲ್ಲಿ ನೀರು ಇಲ್ಲವೆನ್ನುವಷ್ಟು. ಆದ್ದರಿಂದ 40 ಗ್ರಾಂ ಇಲಿ ಒಣಗುವಾಗ 18.5 ಗ್ರಾಂ ನೀರು ಕಳೆದುಕೊಂಡರೆ, 18.5 ಅನ್ನು 0.73ರಿಂದ ಭಾಗಿಸಿ: 25.3 ಗ್ರಾಂ ಕೊಬ್ಬುರಹಿತ ದೇಹ. ಉಳಿದ 14.7 ಗ್ರಾಂ ಕೊಬ್ಬು. ಇದು ಅಂದಾಜು ಮಾತ್ರ, ಕೆಲವನ್ನು ಸಾಕ್ಸ್‌ಲೆಟ್ಟಿನಲ್ಲಿ ತಾಳೆ ನೋಡಿ.

ಬ್ಯಾಡಗಿ_ಕೆಂಪು

ನಾನೂ ಇದೇ ದಾರಿಯಲ್ಲಿ ಹೋಗಿ ಕೈ ಸುಟ್ಟುಕೊಂಡವನು, ಮೆಣಸಿನಕಾಯಿಯ ಸಾರದ ಪ್ರಯೋಗದಲ್ಲಿ. ತೂಕ ಚೆನ್ನಾಗಿ ಇಳಿಯಿತು. ಕೊನೆಗೆ ನೋಡಿದರೆ ಇಲಿಗಳು ಆ ಆಹಾರವನ್ನು ಮೂಸಿ ಬಿಟ್ಟುಬಿಡುತ್ತಿದ್ದವು. ಉಪವಾಸಕ್ಕೆ ನಾನು ಔಷಧಿ ಎಂದು ಹೆಸರಿಟ್ಟಿದ್ದೆ! ಎಷ್ಟು ಹಾಕಿದ್ದೀರಿ ಎನ್ನುವುದಕ್ಕಿಂತ ಎಷ್ಟು ತಿಂದವು ಎಂದು ತೂಗಿದ್ದೀರಾ? ಪುಡಿ ಆಹಾರವಾದರೆ ಅರ್ಧ ಕೆದರಿ ಪಂಜರದಲ್ಲಿ ಹಾಸಿದ ಹೊಟ್ಟಿನಲ್ಲಿ ಬೆರೆಸಿರುತ್ತವೆ. ಹೊಟ್ಟು ಜರಡಿ ಹಿಡಿದು ನೋಡಿ.

ಅಗಸೆಹಿಂಡಿ

ಪಾತ್ರೆಯಲ್ಲಿ ಉಳಿದದ್ದನ್ನು ತೂಗಿದ್ದೇನೆ. ಜರಡಿ ಹಿಡಿದಿಲ್ಲ. ಈಗ ಹೊಟ್ಟೆಯಲ್ಲಿ ತಳಮಳ ಶುರುವಾಗಿದೆ.

ಗದಗ_ಮೇಷ್ಟ್ರು

ಆತಂಕ ಬೇಡ, ಆದರೆ ಶೇಕಡಾವಾರಿನ ಮೋಹ ಬಿಡಿ. ಎರಡು ಕಾಲ್ಪನಿಕ ಫಲಿತಾಂಶ ನೋಡಿ. ಬರೀ ಜಿಡ್ಡಿನ ಗುಂಪು 42 ಗ್ರಾಂ, ಅದರಲ್ಲಿ ಕೊಬ್ಬು 15, ಅಂದರೆ ಶೇ. 35.7. ಅಗಸೆ ಗುಂಪು 36 ಗ್ರಾಂ, ಕೊಬ್ಬು 10: ಶೇ. 27.8. ಆರು ಗ್ರಾಂ ವ್ಯತ್ಯಾಸದಲ್ಲಿ ಐದು ಕೊಬ್ಬಿನದೇ. ಇದು ಒಳ್ಳೆಯ ಕಥೆ. ಅದೇ 36 ಗ್ರಾಂ ಇಲಿಯಲ್ಲಿ ಕೊಬ್ಬು 12.9 ಇದ್ದರೆ ಶೇಕಡಾ ಅಷ್ಟೇ, 35.8. ಅಲ್ಲಿ ಇಡೀ ಪ್ರಾಣಿಯೇ ಸಮವಾಗಿ ಕುಗ್ಗಿದೆ: ತಿಂದಿಲ್ಲ, ಅಥವಾ ಬೆಳೆದಿಲ್ಲ, ಅಥವಾ ಕಾಯಿಲೆ. ಕೊಬ್ಬು, ಲೀನ್ ಎರಡನ್ನೂ ಗ್ರಾಂ ಲೆಕ್ಕದಲ್ಲಿ ಬರೆಯಿರಿ, ಶೇಕಡಾ ಪಕ್ಕದಲ್ಲಿರಲಿ.

ದಿನಾ ಒಂದೇ ಹೊತ್ತಿಗೆ ತೂಗುತ್ತಿದ್ದೀರಿ ತಾನೇ? ಇಲಿ ರಾತ್ರಿ ತಿನ್ನುವ ಪ್ರಾಣಿ. ಬೆಳಗಿನ ತೂಕದಲ್ಲಿ ಹೊಟ್ಟೆಯ ಮೇವೂ ಸೇರಿರುತ್ತದೆ.

ಅಗಸೆಹಿಂಡಿ

ಒಂದೇ ಹೊತ್ತು ಸರ್, ಮಧ್ಯಾಹ್ನ ಎರಡಕ್ಕೆ. ಹಾಗಾದರೆ ಗೈಡ್ ಹೇಳಿದ ಹಾಗೆ ಕೊಬ್ಬಿನ ಗಡ್ಡೆ ತೆಗೆದು ತೂಗುವುದು ಬೇಡವೇ?

ಸಪ್ತಾಪುರದವನು

ಬೇಕು, ಆದರೆ ವೃಷಣದ ಪಕ್ಕದ ಕೊಬ್ಬು ಒಂದನ್ನೇ ತೂಗಿ ಇಡೀ ದೇಹದ ಕೊಬ್ಬು ಎನ್ನಬೇಡಿ. ಎಲ್ಲರೂ ಅದನ್ನೇ ತೂಗುತ್ತಾರೆ, ಏಕೆಂದರೆ ಹೊಟ್ಟೆ ತೆರೆದ ಕೂಡಲೇ ಎದುರಿಗೆ ಸಿಗುತ್ತದೆ, ಕತ್ತರಿಸುವುದೂ ಸುಲಭ. ತೊಂದರೆ ಏನೆಂದರೆ ಈ ತಳಿಯ ಇಲಿ ತೀರಾ ದಪ್ಪಗಾದಾಗ ಆ ಗಡ್ಡೆ ಬೆಳೆಯುವುದು ನಿಂತು ಕೆಲವೊಮ್ಮೆ ಸಣ್ಣದೇ ಆಗುತ್ತದೆ, ಕೊಬ್ಬು ಯಕೃತ್ತಿಗೆ ಹೋಗಿ ಕೂರುತ್ತದೆ. ಆಗ ಹೆಚ್ಚು ಕೆಟ್ಟ ಇಲಿಯೇ ತೆಳ್ಳಗಿನದಾಗಿ ಕಾಣುತ್ತದೆ. ತೊಡೆಸಂದಿನ ಚರ್ಮದಡಿಯ ಕೊಬ್ಬು, ಮೂತ್ರಪಿಂಡದ ಹಿಂದಿನದು, ಕರುಳಿನ ಪೊರೆಯದು, ಯಕೃತ್ತು, ಎಲ್ಲವನ್ನೂ ತೂಗಿ. ಕರುಳಿನ ಪೊರೆಯದರಲ್ಲಿ ಮೇದೋಜೀರಕ ಗ್ರಂಥಿ ಸೇರಿ ಬರುತ್ತದೆ, ಗುಲಾಬಿ ಬಣ್ಣ ಕಂಡರೆ ಬಿಡಿಸಿ. ತೆಗೆದದ್ದನ್ನು ಒದ್ದೆ ಬಟ್ಟೆಯ ಮೇಲೆ ಮುಚ್ಚಿಡಿ. ಫ್ಯಾನಿನ ಕೆಳಗೆ ಹಾಗೇ ಬಿಟ್ಟರೆ ನೀವು ಹೆಸರು ಬರೆಯುವಷ್ಟರಲ್ಲಿ ಒಣಗುತ್ತದೆ.

ಮಾಂಸಖಂಡಕ್ಕೆ ಹಿಂಗಾಲಿನ ಮೀನಖಂಡ ತೆಗೆದು ತೂಗಿ. ಅದನ್ನು ದೇಹದ ತೂಕದಿಂದ ಭಾಗಿಸಬೇಡಿ, ದೇಹದ ತೂಕವೇ ಇಲ್ಲಿ ಆರೋಪಿ. ಮೊಣಕಾಲ ಕೆಳಗಿನ ಮೂಳೆಯ ಉದ್ದದಿಂದ ಭಾಗಿಸಿ.

ಉಣಕಲ್_ಕೆರೆ

ಗಡ್ಡೆ ತೆಗೆದ ಇಲಿಯನ್ನು ಮತ್ತೆ ಓವನ್ನಿನಲ್ಲಿ ಇಡುವುದು ಹೇಗೆ? ಇಡೀ ಇಲಿ ಬೇಕು ಎಂದಿರಿ.

ಸಪ್ತಾಪುರದವನು

ಒಳ್ಳೆಯ ಪ್ರಶ್ನೆ, ಜಿಮ್ಮಿನವರೇ. ತೂಗಿದ ತುಂಡುಗಳನ್ನು ಅದೇ ಇಲಿಯ ಜೊತೆ ಮತ್ತೆ ಸೇರಿಸಿ ಒಣಗಿಸಬಹುದು. ಆದರೆ ಸೂಕ್ಷ್ಮದರ್ಶಕಕ್ಕೆ, ರಾಸಾಯನಿಕ ಪರೀಕ್ಷೆಗೆ ಅಂಗಾಂಶ ಬೇಕಲ್ಲ. ಗುಂಪಿನಲ್ಲಿ ನಾಲ್ಕು ಓವನ್ನಿಗೆ, ನಾಲ್ಕು ಅಂಗಾಂಶಕ್ಕೆ. ಯಾವುದು ಎಲ್ಲಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ.

ಗದಗ_ಮೇಷ್ಟ್ರು

ನಾಲ್ಕು ಸಾಲದು! ನಾಲ್ಕು ಇಲಿಯಿಂದ ನೀವು ಏನನ್ನೂ ಸಾಧಿಸಲಾರಿರಿ.

ಸಪ್ತಾಪುರದವನು

ಐದು ಗ್ರಾಂ ವ್ಯತ್ಯಾಸ ಇದ್ದರೆ ನಾಲ್ಕರಲ್ಲೂ ಕಾಣುತ್ತದೆ ಮೇಷ್ಟ್ರೇ. ಕಾಣದಿದ್ದರೆ ಪೇಢಾದ ದುಡ್ಡು ಹೋಯಿತು.

ಮೂಷಿಕಪಕ್ಷ

ಮೇಷ್ಟ್ರು ಇನ್ನಷ್ಟು ಇಲಿ ಕೇಳುವ ಮೊದಲು ಒಂದು ಮಾತು. ಪ್ರಾಣಿ ಪ್ರಯೋಗಗಳ ಬಗ್ಗೆ 1959ರಲ್ಲಿ ರಸೆಲ್ ಮತ್ತು ಬರ್ಚ್ ಹೇಳಿದ ಮೂರು ಸೂತ್ರಗಳಲ್ಲಿ ಪ್ರಾಣಿಗಳ ಸಂಖ್ಯೆ ಕಡಿಮೆ ಮಾಡುವುದೂ ಒಂದು. ಜೀವಂತವಾಗಿ ಅಳೆಯುವ ಯಂತ್ರ ಇದ್ದಿದ್ದರೆ ಇದೇ ಇಲಿಯನ್ನು ಮೊದಲ ವಾರ, ಐದನೆಯ ವಾರ, ಹತ್ತನೆಯ ವಾರ ಅಳೆಯಬಹುದಿತ್ತು. ಈಗ ಅಗಸೆ ತಿನ್ನುವ ಮೊದಲು ಗುಂಪುಗಳು ಸಮವಾಗಿದ್ದವೇ ಎಂಬುದೂ ಗೊತ್ತಿಲ್ಲ. ಯಂತ್ರ ದುಬಾರಿ ಎನ್ನುತ್ತಾರೆ, ಜೀವ ಅಗ್ಗ.

ಬ್ಯಾಡಗಿ_ಕೆಂಪು

ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ನೀವು ಹೇಳಿದ್ದು ಸರಿ.

ಅಂದಹಾಗೆ ಅರಿವಳಿಕೆಯ ಬಗ್ಗೆ ಒಂದು. ನಮ್ಮ ಸೀನಿಯರ್ ಒಬ್ಬರು ಕೀಟಮೈನ್ ಮತ್ತು ಕ್ಸೈಲಜೀನ್ ಕೊಟ್ಟು ಸ್ಕ್ಯಾನ್ ಮಾಡಿಸಿ, ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆಯನ್ನೂ ನೋಡಿದರು. ಎಲ್ಲ ಗುಂಪಿನಲ್ಲೂ ಸಕ್ಕರೆ ಆಕಾಶಕ್ಕೆ! ಕ್ಸೈಲಜೀನ್ ಇನ್ಸುಲಿನ್ ಸ್ರವಿಸುವುದನ್ನೇ ತಡೆಯುತ್ತದೆ. ಒಂದು ತಿಂಗಳು ತಲೆ ಕೆರೆದುಕೊಂಡೆವು.

ವಿದ್ಯಾನಗರ_ವೈದ್ಯೆ

ಪ್ರಾಣಿಗೃಹದಲ್ಲಿ ಉಷ್ಣತೆ ಎಷ್ಟು? ಈ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಕೋಣೆಗಳು ತಣ್ಣಗಿರುತ್ತವೆ. ಇಲಿಗೆ ಹಾಯೆನಿಸುವುದು ಸುಮಾರು 30 ಡಿಗ್ರಿ. ನಮಗೆ ಹಿತವಾದ 22ರಲ್ಲಿ ಅದು ಮೈ ಬಿಸಿ ಇಟ್ಟುಕೊಳ್ಳಲೆಂದೇ ಕೊಬ್ಬು ಸುಡುತ್ತಿರುತ್ತದೆ. ಒಂದು ಗುಂಪಿನ ಪಂಜರ ಕಿಟಕಿಯ ಬಳಿ, ಇನ್ನೊಂದರದು ಗೋಡೆಯ ಬಳಿ ಇದ್ದರೆ ಅಗಸೆಯ ಕೀರ್ತಿ ಕಿಟಕಿಗೆ ಸೇರಬೇಕಾದೀತು.

ಅಗಸೆಹಿಂಡಿ

ಅಕ್ಕ, ಇದನ್ನು ಓದಿ ಓಡಿಹೋಗಿ ನೋಡಿ ಬಂದೆ. ಅಗಸೆ ಗುಂಪು ಮೇಲಿನ ಸಾಲಿನಲ್ಲಿದೆ, ಎಸಿಗೆ ಎದುರಾಗಿ. ಇಂದಿನಿಂದ ವಾರಕ್ಕೊಮ್ಮೆ ಸಾಲು ಬದಲಿಸುತ್ತೇನೆ.

ಟೋಲ್‌ನಾಕಾ

ಹತ್ತು ವಾರ ಎಸಿಯಲ್ಲಿ ಇದ್ದವು. ನಮ್ಮ ಮನೆಯ ಅಕ್ಕಿ ಚೀಲದ ಇಲಿಗಳಿಗೆ ಫ್ಯಾನೂ ಇಲ್ಲ, ಆದರೂ ಗುಂಡಗಿವೆ.

ಅಗಸೆಹಿಂಡಿ (ಹದಿನಾರು ದಿನಗಳ ನಂತರ)

ಕೇಳಿದವರಿಗೆಲ್ಲ ವರದಿ. ನೀತಿ ಸಮಿತಿಗೆ ತಿಳಿಸಿದೆ. ಮೃತ ದೇಹದ ವಿಶ್ಲೇಷಣೆ ಮೊದಲ ಅರ್ಜಿಯಲ್ಲೇ ಇತ್ತು, ನಾನೇ ಮರೆತಿದ್ದೆ. ಸಂತಾನ ಸಾಲಿನಲ್ಲಿ ವಯಸ್ಸಾಗಿ ಹೊರಹಾಕಬೇಕಿದ್ದ ಒಂದು ಸಾದಾ ಆಹಾರದ ಇಲಿಯ ಮೇಲೆ ಮೊದಲು ಕೈ ಪಳಗಿಸಿಕೊಂಡೆ. ಕರುಳು ಖಾಲಿ ಮಾಡಿದ ಮೇಲೆ 27.1 ಗ್ರಾಂ. ತೂಕ ಸ್ಥಿರವಾಗಲು ಐದು ದಿನ ಹಿಡಿಯಿತು. ಹೋದ ನೀರು 17.2 ಗ್ರಾಂ. ಮೇಷ್ಟ್ರ ಲೆಕ್ಕದ ಪ್ರಕಾರ ಕೊಬ್ಬು 3.5 ಬರಬೇಕು, ಸಾಕ್ಸ್‌ಲೆಟ್ಟಿನಲ್ಲಿ 3.2 ಬಂತು. ಫ್ಲಾಸ್ಕಿನ ತಳದಲ್ಲಿ ತಿಳಿ ಹಳದಿ ಎಣ್ಣೆ, ನಮ್ಮ ಅಜ್ಜಿಯ ಕುಸುಬೆ ಎಣ್ಣೆಯ ಬಣ್ಣವೇ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ.

ಹೊಟ್ಟನ್ನೂ ಜರಡಿ ಹಿಡಿದೆ. ಅಗಸೆ ಗುಂಪಿನವು ದಿನಕ್ಕೆ ಅರ್ಧ ಗ್ರಾಂನಷ್ಟು ಆಹಾರ ಕೆದರಿ ಚೆಲ್ಲುತ್ತಿವೆ. ಬ್ಯಾಡಗಿಯವರು ನಗಬಾರದು. ಗೈಡ್ ಈಗ ಮುಂದಿನ ತಂಡದಲ್ಲಿ, ಅಗಸೆ ಗುಂಪು ತಿಂದಷ್ಟೇ ಬರೀ ಜಿಡ್ಡಿನ ಆಹಾರ ಅಳೆದು ತಿನ್ನಿಸುವ ನಾಲ್ಕನೆಯ ಗುಂಪು ಇಡೋಣ ಎಂದಿದ್ದಾರೆ. ಇಪ್ಪತ್ತನಾಲ್ಕು ಇಲಿಗಳ ಸರದಿ ಬರುವ ಸೋಮವಾರ. ಓವನ್ನಿನ ವಾಸನೆಗೆ ಕಾವಲುಗಾರರು ಕಾರಿಡಾರಿನ ಕಿಟಕಿಗಳನ್ನೆಲ್ಲ ತೆಗೆದಿಟ್ಟು, ಇದು ಯಾರ ಊಟ ಎಂದು ಕೇಳಿದರು.

ಬ್ಯಾಡಗಿ_ಕೆಂಪು

ನಗುತ್ತಿಲ್ಲ. ಸ್ವಲ್ಪ ಮಾತ್ರ.

ಡೇರಿಕಾಕಾ

3.5ಕ್ಕೆ 3.2. ನಮ್ಮ ಸಂಘದಲ್ಲಿ ಇಷ್ಟು ವ್ಯತ್ಯಾಸ ಬಂದರೆ ಜನ ಕ್ಯಾನು ಎತ್ತಿಕೊಂಡು ಜಗಳಕ್ಕೆ ಬರುತ್ತಿದ್ದರು. ಪುಡಿ ಇನ್ನೂ ನುಣ್ಣಗಿರಲಿ, ಸಾಕ್ಸ್‌ಲೆಟ್ ಇನ್ನೆರಡು ತಾಸು ಓಡಲಿ. ಈಥರ್ ಇದೆ, ಹತ್ತಿರದಲ್ಲಿ ಬೆಂಕಿ ಬೇಡ ಮಗಳೇ.